‘ಬರ್ತೀನಿ’ ಕಲಿತ ಫೋಟೊಗ್ರಾಫರ್

ಹೋಟೆಲಿನ ಮೂರನೆಯ ಮಹಡಿ, ಕಿಟಕಿ ಪಕ್ಕದ ಮೇಜು
ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪರಮಪೂಜ್ಯ ಅಕ್ಕನ ಪಾದಾರವಿಂದಗಳಿಗೆ ಏಕಮಾತ್ರ ತಮ್ಮನ ಸಾಷ್ಟಾಂಗ ನಮಸ್ಕಾರ.

ಮಂಡಿನೋವು ಹೇಗಿದೆ? ಭಾವ ಕೆಲಸದ ಮೇಲೆ ಹೋಗಿ ತಿಂಗಳಾಯಿತಲ್ಲ, ಒಬ್ಬಳೇ ಇರೋದಕ್ಕೆ ಭಯವಾಗುತ್ತಾ? ಹಿಂಬಾಗಿಲ ಚಿಲಕ ಸರಿ ಮಾಡಿಸಿದೆಯಾ? ನಾನು ಇನ್‌ಸ್ಪೆಕ್ಟರ್ ದನಿಯಲ್ಲಿ ಫೋನ್ ಮಾಡಿ ‘ನಿಮ್ಮ ಯಜಮಾನ್ರು ಲಾಕಪ್ಪಲ್ಲಿದ್ದಾರೆ’ ಎಂದ ದಿನದಿಂದ ನೀನು ನನ್ನ ಕರೆ ಎತ್ತುತ್ತಿಲ್ಲ. ಆದ್ದರಿಂದ ಈ ಕಾಗದ.

ಈ ದೇಶಕ್ಕೆ ಬಂದು ಆರು ದಿನ. ನೋಡಲೇಬೇಕಾದ್ದನ್ನೆಲ್ಲ ನೋಡಿದೆ. ಗಡಿಯಾರದ ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು. ಏದುಸಿರು ಬಿಡುತ್ತಾ ಹತ್ತಿದರೆ ಊರೆಲ್ಲ ಕಾಣುತ್ತದೆ, ಗಡಿಯಾರವೊಂದು ಬಿಟ್ಟು. ಅದರ ಬುಡದಲ್ಲಿ ಪ್ರವಾಸಿಗರ ಫೋಟೊ ತೆಗೆಯುವವನೊಬ್ಬ ನಿಂತಿರುತ್ತಾನೆ. ಬೂದು ಕೋಟು, ರೆಪ್ಪೆ ಹೊಡೆಯದ ಕಣ್ಣು. ಎರಡನೆಯ ದಿನ ನನ್ನದೂ ಒಂದು ತೆಗೆದ. ಹೊರಡುವಾಗ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ. ‘ಬರ್ತೀನಿ’ ಎಂದು ಕಲಿಸಿದೆ. ಹೋಗುವವನು ಬರುತ್ತೇನೆ ಎನ್ನುವುದೇಕೆ ಎಂದ. ಸುಮ್ಮನಿರಲಾರದ ನಾನು ಪ್ರವಚನಕಾರರ ಗಾಂಭೀರ್ಯದಿಂದ ಅಪ್ಪಣೆ ಕೊಡಿಸಿದೆ: ನಮ್ಮಲ್ಲಿ ಈ ಮಾತಾಡಿದವನು ಬರಲೇಬೇಕು, ಎದುರಿನವರು ‘ಬನ್ನಿ’ ಅಂದುಬಿಟ್ಟರಂತೂ ಬಾಗಿಲು ಅವನದೇ. ಅವನು ನಗಲಿಲ್ಲ ಅಕ್ಕಾ. ನನ್ನ ಕೈಯಿಂದಲೇ ಆ ಪದವನ್ನು ತನ್ನ ಪುಸ್ತಕದಲ್ಲಿ ಬರೆಸಿಕೊಂಡು, ಬೆರಳಿಟ್ಟು ಮೂರು ಸಲ ಹೇಳಿಕೊಂಡ.

ಮರುದಿನ ಕಬ್ಬಿಣದ ಸೇತುವೆಗೆ ಹೋದೆ. ಕೆಳಗೆ ನದಿ ಸದ್ದೇ ಇಲ್ಲದೆ, ಎಣ್ಣೆಯ ಹಾಗೆ ಹರಿಯುತ್ತದೆ. ಆಚೆ ತುದಿಯಲ್ಲಿ ಬೂದು ಕೋಟು. ಹತ್ತಿರ ಬಂದು ‘ಬರ್ತೀನಿ’ ಎಂದಷ್ಟೇ ಹೇಳಿ ಹೊರಟುಹೋದ. ಉಚ್ಚಾರಣೆ ಭಾವನಿಗಿಂತ ಸ್ಪಷ್ಟ! ನಾಲ್ಕನೆಯ ದಿನ ಬೆಟ್ಟದ ಮೇಲಿನ ಸರೋವರ. ದೋಣಿಯಲ್ಲಿ ನಾನು, ದಡದಲ್ಲಿ ಅವನು. ನಿನ್ನೆ ವಸ್ತುಸಂಗ್ರಹಾಲಯದಲ್ಲಿ ಒಂದು ಕಟ್ಟು ಫೋಟೊ ನನ್ನ ಕೈಗಿಟ್ಟ. ಎಲ್ಲದರಲ್ಲೂ ನನ್ನ ಬೆನ್ನು. ಕೊನೆಯದೊಂದರಲ್ಲಿ ಮಾತ್ರ ಮುಖ: ಇದೇ ಕಿಟಕಿಯಲ್ಲಿ ನಾನು ಹಲ್ಲುಜ್ಜುತ್ತಾ ನಿಂತಿದ್ದೇನೆ.

ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಜಗಳ ತೆಗೆಯೋಣವೆಂದು ಗೋಪುರಕ್ಕೇ ಹೋದರೆ ಅವನ ಜಾಗ ಖಾಲಿ. ನಿನ್ನೆ ಸಂಜೆಯೇ ಪೆಟ್ಟಿಗೆ ಕಟ್ಟಿಕೊಂಡು ವಿಮಾನ ಹತ್ತಿದನಂತೆ. ನನಗೆಂದು ಅವನು ಬಿಟ್ಟುಹೋದ ಲಕೋಟೆಯನ್ನು ಟಿಕೆಟ್ ಕೊಡುವ ಹೆಂಗಸು ಕೊಟ್ಟಳು. ಅಂತೂ ಪೀಡೆ ತೊಲಗಿತು. ಲಕೋಟೆಯಲ್ಲಿ ಮತ್ತೆ ನನ್ನ ಬೆನ್ನೇ ಇರುತ್ತದೆಂದು ಒಡೆದಿಲ್ಲ.

ಭಾವ ಫೋನ್ ಮಾಡಿದರೆ ಕೇಳಿದೆನೆಂದು ಹೇಳು. ನಿನ್ನ ಮಂಡಿಗೆ ವಿಶೇಷ ಗೌರವಗಳು.

ನಿನ್ನ
ಕೋತಿ

ವಿ.ಸೂ.: ಅಕ್ಕಾ, ಈಗಷ್ಟೇ ಲಕೋಟೆ ಒಡೆದೆ. ಅವನ ಪುಸ್ತಕದ ಹಾಳೆಯದೇ ಫೋಟೊ. ಮೇಲೆ ‘ಬರ್ತೀನಿ’, ಕೆಳಗೆ ನನ್ನದೇ ಅಕ್ಷರದಲ್ಲಿ ವಿಳಾಸ. ಫೋಟೊ ಅಂಚೆಗೆ ಹಾಕಲು ಅವತ್ತು ಕೇಳಿದ್ದ; ಗೊತ್ತಿಲ್ಲದವನ ಲಕೋಟೆ ಕಂಡು ನೀನು ಬೆಚ್ಚಲಿ ಎಂದು ನಿನ್ನ ಮನೆಯದು ಕೊಟ್ಟಿದ್ದೆ. ಅಲ್ಲಿ ಯಾರಿರುತ್ತಾರೆ ಅಂದ. ಅಕ್ಕ ಒಬ್ಬಳೇ ಅಂದಿದ್ದೆ. ಹತ್ತು ಸಲ ಫೋನ್ ಮಾಡಿದೆ, ನೀನು ಎತ್ತುತ್ತಿಲ್ಲ. ಇದು ತಮಾಷೆಯಲ್ಲ, ಅಮ್ಮನಾಣೆ. ಅರ್ಜೆಂಟ್ ಕೊರಿಯರಿಗೂ ಮೂರು ದಿನ ಬೇಕಂತೆ. ವಿಮಾನಕ್ಕೆ ಒಂದೇ ದಿನ. ಬಾಗಿಲಾಚೆ ಯಾರಾದರೂ ‘ಬರ್ತೀನಿ’ ಅಂದರೆ, ಬಾಯಿ ತಪ್ಪಿಯೂ ‘ಬನ್ನಿ’ ಅನ್ನಬೇಡ.