ಹರಕುಬಾಲದವಳ ಮರಿ

ಚಿಕ್ಕಮ್ಮಾ,
ಹೋದ ವರ್ಷ ಬಲೆಗೆ ಸಿಕ್ಕಿ ಬಾಲ ಹರಿದುಕೊಂಡ ತಿಮಿಂಗಿಲದ ಕತೆ ಕೇಳಿ ನೀನು ಅತ್ತಿದ್ದೆಯಲ್ಲ? ಅವಳು ಸತ್ತಳೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಮೊನ್ನೆ ನಮ್ಮ ಹಡಗಿನ ಪಕ್ಕದಲ್ಲೇ ಅದೇ ಹರಕುಬಾಲ ಮೇಲೆದ್ದಿತು, ಜೊತೆಗೊಂದು ಮರಿ! ತಿಮಿಂಗಿಲಗಳ ಗುರುತು ಹಿಡಿಯಲು ಬಾಲದ ಫೋಟೊ ತೆಗೆಯಬೇಕಾದ ನಾನು ಕಿರುಚಿಕೊಂಡೆ. "ಬಾಣಂತಿ ಬಂದಿದ್ದಾಳೆ, ಗಲಾಟೆ ಮಾಡಬೇಡ," ಎಂದು ಅಡುಗೆಯವರು ಗದರಿದರು. ಕ್ಯಾಪ್ಟನ್ ಎಂಜಿನ್ ನಿಲ್ಲಿಸಿಬಿಟ್ಟರು. ಮರಿ ನಮ್ಮನ್ನು ನೋಡಲು ಹತ್ತಿರ ಬಂತು. ತಾಯಿ ಮೆಲ್ಲಗೆ ನಡುವೆ ತೂರಿ, ನಮ್ಮ ಮೇಲೆಲ್ಲ ಉಸಿರು ಚಿಮ್ಮಿಸಿ, ಅದನ್ನು ಕರೆದೊಯ್ದಳು. ನೀನು ಹೆಣೆದ ಸ್ವೆಟರ್ ಎಷ್ಟು ಒಗೆದರೂ ಕೊಳೆತ ಮೀನಿನ ನಾತ ಬಿಡುತ್ತಿಲ್ಲ, ಬೈಯಬೇಡ. ಹಡಗಿನ ಓಲಾಟಕ್ಕೆ ಬರುತ್ತಿದ್ದ ನನ್ನ ವಾಂತಿ ನಿಂತಿದೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ. ಅಂಚೆ ಒಯ್ಯುವ ದೋಣಿಯವರು ಕೂಗುತ್ತಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಹೇಳು, ಅವಳು ಬದುಕಿದ್ದಾಳೆ.
ನಿನ್ನ ಪುಟ್ಟಿ