ಆಟಗಾರ್ತಿಯ ಪರವಾಗಿ

ರಾಷ್ಟ್ರೀಯ ಟೆನಿಸ್ ಸಂಸ್ಥೆಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ಅಮೂಲ್ಯಾಳನ್ನು ನೀವು ದೇಶದ ಮಹಿಳಾ ತಂಡದಿಂದ ಎರಡು ವರ್ಷ ಹೊರಗಿಟ್ಟಿದ್ದೀರಿ. ಆಡುವುದಿಲ್ಲ ಎಂದು ಅವಳು ಎಂದೂ ಹೇಳಿಲ್ಲ. ಹೇಳಿದವನು ನಾನು. ಅವಳನ್ನು ಒಂದು ಮಾತು ನೀವು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇದನ್ನು ಲಂಡನ್ನಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ಕೇಳಬಹುದು. ನನ್ನ ಇಂಗ್ಲಿಷ್ ಪತ್ರ ನಿಮಗೆ ಚೆನ್ನಾಗಿ ಅರ್ಥವಾಗಿ ಆದ ಅನುಕೂಲ ಸಾಕು. ಇದು ಅರ್ಥವಾಗದೇ ಹೋದರೆ ಹೊಸದಾಗಿ ಹಾಳಾಗುವುದೇನೂ ಇಲ್ಲ.

ಮೈಸೂರು ಬಿಟ್ಟ ಮೇಲೆ, ಲಂಡನ್ನಿಗೆ ಬರುವ ಮುಂಚೆ, ನಾನು ನಿಮ್ಮ ದ್ವೀಪದ ಸರಕಾರಿ ಆಸ್ಪತ್ರೆಯಲ್ಲಿ ಆರು ವರ್ಷ ಅರಿವಳಿಕೆ ವೈದ್ಯನಾಗಿದ್ದೆ. ಅಮೂಲ್ಯಾ ಹುಟ್ಟಿದ್ದು ಅಲ್ಲೇ, ಹಾಗಾಗಿ ನಿಮ್ಮ ದೇಶದ ಪಾಸ್‌ಪೋರ್ಟ್. ಇಲ್ಲಿ ಲಂಡನ್ನಿಗೆ ಬಂದ ಮೇಲೆ ಗ್ರೀನ್‌ಫರ್ಡಿನ ಕೌನ್ಸಿಲ್ ಪಾರ್ಕಿನಲ್ಲಿ, ಬಿರುಕುಬಿಟ್ಟ ಕೋರ್ಟಿನಲ್ಲಿ ಆಟ ಕಲಿತು ಹದಿನಾರಕ್ಕೆ ನಿಮ್ಮ ತಂಡ ಸೇರಿದಳು. ನಿಮ್ಮ ದೇಶದಲ್ಲಿರುವುದೇ ನಾಲ್ಕು ಕೋರ್ಟು. ಮದುವೆ ಸೀಸನ್ನಿನಲ್ಲಿ ಅದರಲ್ಲೊಂದು ಕಾರು ನಿಲ್ಲಿಸಲು ಹೋಗುತ್ತದೆ. ದೂರುತ್ತಿಲ್ಲ. ಅಂಥ ದೇಶದ ಬಾವುಟ ಹೊಲಿದ ಅಂಗಿ ಮೊದಲ ಸಲ ತೊಟ್ಟಾಗ ಅವಳ ಮುಖ ನೀವು ನೋಡಬೇಕಿತ್ತು.

ಆಗ ಅವಳು ಚಿಕ್ಕವಳು, ಪತ್ರವ್ಯವಹಾರಕ್ಕೆ ನನ್ನ ಇಮೇಲ್ ಕೊಟ್ಟೆವು. ಈಗ ಅವಳಿಗೆ ಇಪ್ಪತ್ತೆರಡು. ಇಮೇಲ್ ಮಾತ್ರ ನನ್ನದೇ ಉಳಿಯಿತು. ಪ್ರತಿ ಪತ್ರದ ಕೆಳಗೆ ‘ಆಟಗಾರ್ತಿಯ ಪರವಾಗಿ, ಡಾ. ತಿರುಮಲೇಶ’ ಎಂದು ಹಾಕುತ್ತಿದ್ದೆ. ಸುಳ್ಳೇಕೆ ಹೇಳಲಿ, ಹಾಗೆ ಹಾಕುವಾಗ ಖುಷಿಯಾಗುತ್ತಿತ್ತು.

ಈ ಮಾರ್ಚಿನಲ್ಲಿ ಮೈಸೂರಿನಲ್ಲಿ ನನ್ನ ತಾಯಿ ತೀರಿಕೊಂಡರು. ನಿಮ್ಮ ಪಂದ್ಯ ಅಲ್ಲಿಂದ ಎಂಟನೇ ದಿನಕ್ಕಿತ್ತು. ಸೂತಕದ ಮನೆಯ ಹುಡುಗಿ ಆಟಕ್ಕೆ ಹೋಗುವುದುಂಟೆ? ಹೀಥ್ರೋದಲ್ಲಿ ವಿಮಾನ ಹತ್ತುವ ಮುಂಚೆ ನಾಲ್ಕು ಸಾಲು ಬರೆದು ಕಳಿಸಿಬಿಟ್ಟೆ: ಮನೆಯಲ್ಲಿ ಸಾವಾಗಿದೆ, ಅವಳು ಬರಲಾರಳು, ಕ್ಷಮಿಸಿ. ಅವಳು ಅಭ್ಯಾಸದಲ್ಲಿದ್ದಳು. ಫೋನ್ ಮಾಡಿ ಕೇಳುವ ವಿಷಯ ಇದು ಎಂದೇ ನನಗೆ ಅನ್ನಿಸಲಿಲ್ಲ.

ಅಬ್ಬಾ, ಏನು ಚುರುಕು ನಿಮ್ಮದು! ಅಭ್ಯಾಸಕ್ಕೆ ಚೆಂಡು ಬೇಕು ಎಂದು ಬರೆದ ಪತ್ರಕ್ಕೆ ಎರಡು ವರ್ಷವಾದರೂ ಉತ್ತರವಿಲ್ಲ. ಇದಕ್ಕೆ ಹನ್ನೊಂದೇ ನಿಮಿಷ. ಸಂತಾಪ ಒಂದು ಸಾಲು, ನಿಯಮ ಮೂರು ಸಾಲು. ಪಂದ್ಯಕ್ಕೆ ಹದಿನಾಲ್ಕು ದಿನಕ್ಕಿಂತ ಕಡಿಮೆ ಇರುವಾಗ ವೈದ್ಯಕೀಯ ಕಾರಣವಿಲ್ಲದೆ ಹಿಂದೆ ಸರಿದವರು ಎರಡು ವರ್ಷ ಅನರ್ಹರು. ಅವಳ ಬದಲಿಗೆ ನಿಮ್ಮ ಕೋಚ್ ಮೇಡಂ, ನಲವತ್ತೊಂದರ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ತಾವೇ ಆಡಿ ಸೋತರಂತೆ. ಆ ಮಹಾತಾಯಿಗೆ ನನ್ನ ನಮಸ್ಕಾರ. ಅವರು ಸಂತಾಪ ಹೇಳಲು ಫೋನ್ ಮಾಡಿದಾಗಲೇ ಅಮೂಲ್ಯಾಳಿಗೆ ತಾನು ತಂಡದಲ್ಲಿಲ್ಲ ಎಂದು ಗೊತ್ತಾದದ್ದು.

ಹದಿಮೂರನೇ ದಿನದ ಕಾರ್ಯ ಮುಗಿಸಿ ನಾನು ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಟೋಸ್ಟ್ ತಿನ್ನುತ್ತಿದ್ದಳು.

“ಸೂತಕ ಇತ್ತಲ್ವೇನಮ್ಮಾ, ಅದಕ್ಕೇ ಬರಲ್ಲ ಅಂತ ಬರೆದೆ,” ಅಂದೆ.

“ಇಟ್ಸ್ ಫೈನ್, ಅಪ್ಪಾ.”

“ಕೇಳಿದ್ದಿದ್ರೆ ಆಡ್ತೀನಿ ಅಂತಿದ್ಯಾ?”

“ಯೂ ಡಿಡಂಟ್ ಆಸ್ಕ್.” ತಟ್ಟೆ ತೊಳೆದಿಟ್ಟು ಮಹಡಿ ಹತ್ತಿದಳು.

“ಅತ್ತುಬಿಡ್ಲಿ ಅಂತ ಕಾಯ್ತಾ ಇದೀನಿ ರೀ, ಅಳ್ತಾನೇ ಇಲ್ಲ,” ಅಂದಳು ನನ್ನ ಹೆಂಡತಿ ವಿಜಯಾ. ನನ್ನದೂ ಅದೇ ಕಥೆ. ಅಮ್ಮ ಹೋದದ್ದಕ್ಕೆ ಅಳು ಬರಲಿಲ್ಲ, ನಿಮ್ಮ ಪತ್ರಕ್ಕೆ ಸಿಟ್ಟೂ ಬರಲಿಲ್ಲ. ಏನೂ ಅನ್ನಿಸುತ್ತಿಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ.

ಕಳೆದ ವಾರ ಆಪರೇಷನ್ನಿಗೆ ಇಪ್ಪತ್ತರ ಹುಡುಗಿಯೊಬ್ಬಳು ಬಂದಿದ್ದಳು. ಈಸ್ಟ್ ಹ್ಯಾಮಿನ ಅವಳ ತಂದೆ, ಅವಳಿಗೇನೂ ಗೊತ್ತಾಗಲ್ಲ ಡಾಕ್ಟ್ರೇ, ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕ್ತೀನಿ ಎಂದು ಪೆನ್ನು ತೆಗೆದರು. ಅವರನ್ನು ಕಾರಿಡಾರಿಗೆ ಕಳಿಸಿ, ಬಾಗಿಲು ಹಾಕಿ, ಹುಡುಗಿಯನ್ನೇ ಕೇಳಿದೆ. ಇಪ್ಪತ್ತೈದು ವರ್ಷದಿಂದ ದಿನಾ ಮಾಡುವ ಕೆಲಸ. ಅವತ್ತು ಬಾಗಿಲ ಹಿಡಿಕೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ. ಮಾನ್ಯರೇ, ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ನನ್ನನ್ನು ಕಾರಿಡಾರಿಗೆ ಕಳಿಸಬೇಕು ಅನ್ನಿಸಲಿಲ್ಲವೇ?

ಹಿಂದೆ ಸರಿದವಳು ಅವಳಲ್ಲ. ಅವಳ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಿ. ಶಿಕ್ಷೆ ಯಾರಿಗಾದರೂ ಆಗಲೇಬೇಕೆಂದು ನಿಯಮ ಹೇಳಿದರೆ ನನ್ನನ್ನು ಅನರ್ಹಗೊಳಿಸಿ, ಎರಡು ವರ್ಷಕ್ಕಲ್ಲ, ಖಾಯಂ ಆಗಿ. ಇನ್ನು ಮುಂದೆ ನನ್ನಿಂದ ಬಂದ ಯಾವ ಪತ್ರವನ್ನೂ ನಂಬಬೇಡಿ.

ಅವಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಕಳಿಸುವ ಮುಂಚೆ ಇದನ್ನು ಅವಳಿಗೆ ಓದಿ ಹೇಳಿದೆ. ಕೊನೆಯಲ್ಲಿ ‘ಅಮೂಲ್ಯಾ ಮತ್ತೆ ಆಡಲು ಸಿದ್ಧಳಿದ್ದಾಳೆ’ ಎಂದು ಬರೆದಿದ್ದೆ. “ಟೇಕ್ ದಟ್ ಔಟ್, ಅಪ್ಪಾ,” ಅಂದಳು. ತೆಗೆದಿದ್ದೇನೆ. ಆಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳನ್ನೇ ಕೇಳಿ.

ಇಂತಿ,
ಕಾರಿಡಾರಿನಲ್ಲಿ ನಿಂತಿರುವ,
ಡಾ. ತಿರುಮಲೇಶ
ಗ್ರೀನ್‌ಫರ್ಡ್