ಸಾಹೇಬರ ಬಾಗಿಲ ಮುಂದಿನ ಮೇಜು

ಹಿರಿಯೂರು
೯ ಸೆಪ್ಟೆಂಬರ್ ೨೦೨೪

ಚಿರಂಜೀವಿ ಮೊಮ್ಮಗಳು ಕಾವ್ಯಶ್ರೀಗೆ,

ನಿನ್ನ ಕೆಮ್ಮು ಇಳಿಯಿತೇ? ಹಾಸ್ಟೆಲ್ಲಿನ ನೀರನ್ನು ಕಾಯಿಸಿಯೇ ಕುಡಿ. ನಾವಿಬ್ಬರೂ ಕ್ಷೇಮ. “ಮಗೀಗೂ ಅರ್ಜಿ ಬರ್ದಂಗೆ ಬರೀಬ್ಯಾಡ್ರಿ, ಹೆದರ್ಕಂತಾಳೆ” ಎಂದು ನಿನ್ನ ಅಜ್ಜಿ ಚಿತ್ತಮ್ಮ ಪಕ್ಕದಲ್ಲೇ ಕುಳಿತು ಕಾಟ ಕೊಡುತ್ತಿದ್ದಾಳೆ. ನಲವತ್ತು ವರ್ಷ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದ ಕೈ ಇದು. ಬೇರೆ ಧಾಟಿ ಇದಕ್ಕೆ ಬಾರದು.

ಸದರಿ ವಿಷಯವೇನೆಂದರೆ, ಬೋಧನಾ ಸಹಾಯಕಿಯಾದ ನೀನು ವಾರಕ್ಕೆರಡು ಸಂಜೆ ವಿದ್ಯಾರ್ಥಿಗಳ ಸಂದೇಹ ಕೇಳಲು ಕುಳಿತರೂ ಒಬ್ಬರೂ ಬಾರದಿರುವುದನ್ನು ವಿಭಾಗದ ಮುಖ್ಯಸ್ಥರು ನಿನ್ನ ನಿರ್ಲಕ್ಷ್ಯವೆಂದು ಬಗೆದಿರುವುದನ್ನೂ, ಕ್ಷಮಾಪಣೆ ಬರೆದುಕೊಡದಿದ್ದರೆ ಮುಂದಿನ ಅವಧಿಗೆ ನಿನ್ನನ್ನು ಕೈಬಿಡುವುದಾಗಿ ಎಚ್ಚರಿಸಿರುವುದನ್ನೂ ನಿನ್ನ ಪತ್ರದಿಂದ ತಿಳಿದೆ. ನಿನಗೆ ಕೊಟ್ಟಿರುವ ಮೇಜು ಅವರದೇ ಬಾಗಿಲ ಮುಂದಿದೆಯೆಂಬುದನ್ನೂ ಓದಿದೆ. ಅಲ್ಲಿಗೆ ಯಾರು ಬಂದಾರು? ತಮಗೆ ತಿಳಿಯಲಿಲ್ಲವೆಂದು ಹೇಳಿಕೊಳ್ಳಲು ಬರುವವರು, ಅಂಕ ಹಾಕುವವರ ಕಣ್ಣೆದುರೇ ಹೇಳಿಕೊಳ್ಳಬೇಕೇ?

ಹಿಂದೊಮ್ಮೆ ಹೊಸ ತಹಸೀಲ್ದಾರರು ನನ್ನ ಮೇಜನ್ನು ತಮ್ಮ ಕಿಟಕಿಯ ಕೆಳಗೆ ಹಾಕಿಸಿದರು. ಗೌರವವೆಂದು ಬೀಗಿದೆ, ಅದು ನನ್ನ ತಪ್ಪು. ಹದಿನೈದು ದಿನ ನೊಣವೂ ಸುಳಿಯಲಿಲ್ಲ. ಹದಿನಾರನೆಯ ದಿನ ಯಾರನ್ನೂ ಕೇಳದೆ ಮೇಜನ್ನು ಹೊತ್ತು, ಟೀ ಅಂಗಡಿಯ ಪಕ್ಕದ ಹೊಂಗೆಮರದ ಕೆಳಗೆ ಇಟ್ಟುಕೊಂಡೆ. ಮಧ್ಯಾಹ್ನವೇ ಮಾರಿಕಣಿವೆಯ ಗಿರಿಯಮ್ಮ ಬಂದಳು. “ನಂದಲ್ಲ ಸ್ವಾಮಿ, ನಮ್ಮ ಓರಗಿತ್ತೀದು. ಪಿಂಚಣಿ ನಿಂತೋಗೈತೆ” ಎಂದಳು. ಎಲ್ಲ ಬರೆದು ಮುಗಿದ ಮೇಲೆ, “ಹೆಸರು ಗಿರಿಯಮ್ಮ ಅಂತ್ಲೇ ಹಾಕ್ರಿ” ಎಂದಳು. ಕೇಳುವವರಿಗೆ ಮೊದಲು ಅಷ್ಟು ಮರೆ ಬೇಕು. ಗೆಳೆಯನಿಗೆ ಈ ಲೆಕ್ಕ ಬರುವುದಿಲ್ಲವೆಂದು ಹೇಳಿಕೊಂಡು ಬಂದವನನ್ನು, ಆ ಗೆಳೆಯ ಯಾರೆಂದು ನೀನು ಕೇಳಕೂಡದು.

ಆದಕಾರಣ ಈ ಪತ್ರ ಕೈಸೇರಿದಂದಿನಿಂದಲೇ ಕ್ಯಾಂಟೀನಿನ ಬಳಿ ಕೂರತಕ್ಕದ್ದು. ಅಪ್ಪಣೆಗೆ ಕಾಯಬೇಡ. ಯಾರಾದರೂ ಆಕ್ಷೇಪಿಸಿದರೆ, ಆಕ್ಷೇಪವನ್ನು ಬರಹದಲ್ಲಿ ಕೊಡಿರೆಂದು ಕೇಳು. ಬಾಯಲ್ಲಿ ಗದರುವವರು ಬರಹಕ್ಕೆ ಹಿಂಜರಿಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇಂತು, ತಲೆಯೆತ್ತಿ ಬಾಳೆಂದು ಹರಸುವ
ನಿನ್ನ ತಾತ
ಬೋರಪ್ಪ

ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ: ಕ್ಷಮಾಪಣೆ ಪತ್ರವನ್ನು ನನ್ನ ಕೈಯಲ್ಲೇ ಬರೆದು ಕಳಿಸಬೇಕೆಂದು ನೀನು ಕೇಳಿದ್ದೆ. ಬರೆಯಲು ಒಲ್ಲೆನೆಂದದ್ದು ನನ್ನ ಜೀವಮಾನದಲ್ಲಿ ಇದೊಂದೇ. ಬದಲಿಗೆ ಮುಖ್ಯಸ್ಥರಿಗೆ ಬೇರೊಂದು ಪತ್ರ ಲಗತ್ತಿಸಿದ್ದೇನೆ. ಸಹಾಯಕರಿಗೆ ಪ್ರತ್ಯೇಕ ಕೋಣೆ ಕೊಡಿ, ಪಾಠ ಹೇಳುವ ತರಬೇತಿ ಕೊಡಿ ಎಂದಿದೆ. ‘ಪ್ರಾರ್ಥಿಸುತ್ತೇನೆ’ ಎಂದು ಬರೆದು ಹೊಡೆದುಹಾಕಿ, ‘ಕೇಳುತ್ತೇವೆ’ ಎಂದು ತಿದ್ದಿದ್ದೇನೆ. ನಿನ್ನ ವಿಭಾಗದ ಉಳಿದ ಏಳು ಮಂದಿ ಸಹಾಯಕರ ಸಹಿಗೂ ಜಾಗ ಬಿಟ್ಟಿದೆ. ಮೊದಲನೆಯದು ನಿನ್ನದು.